ಹಿಸ್ಟಾರಿಕ್ ಬರೆಯಬೇಕಾ, ಹಿಸ್ಟಾರಿಕಲ್ ಬರೆಯಬೇಕಾ? ನಮ್ಮ ಕೋಟೆ, ಶಾಸನ, ಗುಡ್ಡ ಇಟ್ಟುಕೊಂಡೇ ಕಲಿಯುವ ಸಮಗ್ರ ಮಾರ್ಗದರ್ಶಿ

ರಾಯಚೂರು ಕೋಟೆ ಐತಿಹಾಸಿಕ. ಕೋರ್ಟು ಕೊಟ್ಟ ದೊಡ್ಡ ತೀರ್ಪು ಐತಿಹಾಸಿಕ. ಗ್ರಂಥಾಲಯದಲ್ಲಿರುವ ದಪ್ಪ ಕಾದಂಬರಿಯೂ ಐತಿಹಾಸಿಕ. ಕನ್ನಡದಲ್ಲಿ ಮೂರಕ್ಕೂ ಒಂದೇ ಪದ ಸಾಕು, ಯಾರಿಗೂ ಗೊಂದಲ ಆಗುವುದಿಲ್ಲ. ಇಂಗ್ಲಿಷಿಗೆ ಹೋದ ಕೂಡಲೇ ಹಿಸ್ಟಾರಿಕ್, ಹಿಸ್ಟಾರಿಕಲ್ ಅಂತ ಎರಡು ಪದ ಎದುರಿಗೆ ಬಂದು ನಿಲ್ಲುತ್ತವೆ, ಆಗ ಕಿವಿಗೆ ಯಾವುದು ಚೆನ್ನಾಗಿ ಕೇಳಿತೋ ಅದನ್ನೇ ಸುಮ್ನೆ ಬರೆದುಬಿಡುತ್ತೇವೆ.

ಪಿಡಿಒ, ಎಫ್‌ಡಿಎ, ಪಿಎಸ್‌ಐ ಅಂತ ಪರೀಕ್ಷೆಗೆ ಓದುವವರಿಗೆ ಇದು ಹೆಚ್ಚೆಂದರೆ ಒಂದು ಪ್ರಶ್ನೆ. ಆದರೆ ಆನೆಗೊಂದಿ ಕಡೆ ಹೋಂಸ್ಟೇ ನಡೆಸುವವರಿಗೆ, ಕೋಟೆ ತೋರಿಸುವ ಗೈಡುಗಳಿಗೆ, ಊರಿನ ಗುಡಿಯ ಮುಂದೆ ಇಂಗ್ಲಿಷ್ ಬೋರ್ಡು ಹಾಕಿಸುವವರಿಗೆ, ಫೋಟೋ ಹಾಕಿ ಕೆಳಗೆ ಎರಡು ಸಾಲು ಬರೆಯುವವರಿಗೆ ಇದು ಪದೇ ಪದೇ ಬೇಕಾಗುವ ವಿಷಯ.

ಗೈಡ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಸಾಲಿನ ಉತ್ತರ ಇರುತ್ತದೆ: ಹಿಸ್ಟಾರಿಕ್ ಅಂದ್ರೆ ಪ್ರಸಿದ್ಧ, ಹಿಸ್ಟಾರಿಕಲ್ ಅಂದ್ರೆ ಹಳೆಯದು. ಇದು ಅರ್ಧ ಸರಿ, ಅರ್ಧ ತಪ್ಪು. ಕೆಲವರು ಇನ್ನೂ ಮುಂದೆ ಹೋಗಿ ಜಾಗ ಬಂದರೆ ಹಿಸ್ಟಾರಿಕ್, ಕಾದಂಬರಿ ಬಂದರೆ ಹಿಸ್ಟಾರಿಕಲ್ ಅಂತ ಪಟ್ಟಿ ಬಾಯಿಪಾಠ ಮಾಡಿಸುತ್ತಾರೆ. ಪಟ್ಟಿಯಲ್ಲಿ ಇಲ್ಲದ ಪದ ಬಂದಾಗ ಏನು ಮಾಡುತ್ತೀರಿ? ಮುಂದೆ ಇರುವ ನಾಮಪದ ನೋಡಿ ಇದನ್ನು ತೀರ್ಮಾನ ಮಾಡೋಕೆ ಆಗುವುದಿಲ್ಲ. ಅದರ ಬಗ್ಗೆ ನೀವು ಏನು ಹೇಳುತ್ತಿದ್ದೀರಿ ಅನ್ನುವುದರ ಮೇಲೆ ಪದ ನಿಲ್ಲುತ್ತದೆ. ಒಂದೇ ಕಲ್ಲಿಗೆ ಎರಡೂ ಪದ ಬರಬಹುದು. ಆ ಕಲ್ಲಿನಿಂದಲೇ ಶುರು ಮಾಡೋಣ.

ಹಂತ 1: ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿಕೊಳ್ಳಿ

ಬರೆಯುವ ಮೊದಲು "ಐತಿಹಾಸಿಕ" ಅನ್ನುವ ಪದವನ್ನು ಪಕ್ಕಕ್ಕಿಡಿ. ಅದರ ಜಾಗದಲ್ಲಿ ಈ ಎರಡರಲ್ಲಿ ಯಾವುದು ಕೂರುತ್ತದೆ ನೋಡಿ:

"ಇತಿಹಾಸದಲ್ಲಿ ಉಳಿಯುವಷ್ಟು ದೊಡ್ಡದು" ಅನ್ನುವುದು ಕೂತರೆ ಹಿಸ್ಟಾರಿಕ್.

"ಇತಿಹಾಸಕ್ಕೆ ಸಂಬಂಧಪಟ್ಟದ್ದು, ಹಿಂದಿನ ಕಾಲದ್ದು" ಅನ್ನುವುದು ಕೂತರೆ ಹಿಸ್ಟಾರಿಕಲ್.

ಈಗ ರಾಯಚೂರು ಜಿಲ್ಲೆಯ ಮಸ್ಕಿಗೆ ಬನ್ನಿ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿಯಾಗಿತ್ತು, ದೇಶದ ತುಂಬ ಇದ್ದ ಬಂಡೆ ಶಾಸನಗಳು, ಕಂಬದ ಶಾಸನಗಳು ಒಂದೊಂದಾಗಿ ಬಾಯಿ ಬಿಡುತ್ತಿದ್ದವು. ಆದರೆ ಅವುಗಳಲ್ಲಿ ರಾಜನ ಬಿರುದು ಮಾತ್ರ ಇತ್ತು: ದೇವಾನಾಂಪ್ರಿಯ, ಪ್ರಿಯದರ್ಶಿ. ಇವನೇ ಅಶೋಕ ಅಂತ ಶ್ರೀಲಂಕಾದ ಬೌದ್ಧ ಗ್ರಂಥಗಳ ಆಧಾರದ ಮೇಲೆ ವಿದ್ವಾಂಸರು ಹೇಳುತ್ತಿದ್ದರೇ ಹೊರತು ಆ ರಾಜನೇ ಕೆತ್ತಿಸಿದ ಶಾಸನಗಳಲ್ಲಿ ಆ ಹೆಸರನ್ನು ಯಾರೂ ಕಂಡಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ಪತ್ತೆ ಮಾಡಿದರು. ಅದರಲ್ಲಿ ಅಶೋಕನ ಹೆಸರೇ ಇತ್ತು.

ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತೀರಿ? 1915ರ ಆ ಪತ್ತೆ "ಎ ಹಿಸ್ಟಾರಿಕ್ ಡಿಸ್ಕವರಿ". ಯಾಕಂದ್ರೆ ಅದು ಇತಿಹಾಸದಲ್ಲಿ ಉಳಿಯುವಷ್ಟು ದೊಡ್ಡ ಪತ್ತೆ, ಅದರಿಂದ ಒಂದು ಹಳೆಯ ಪ್ರಶ್ನೆ ತೀರಿತು. ಅದೇ ಶಾಸನವನ್ನು ಒಬ್ಬ ಪಿಎಚ್‌.ಡಿ. ವಿದ್ಯಾರ್ಥಿ ತನ್ನ ಪ್ರಬಂಧಕ್ಕೆ ಆಧಾರವಾಗಿ ಬಳಸಿಕೊಂಡರೆ ಅದು "ಎ ಹಿಸ್ಟಾರಿಕಲ್ ಸೋರ್ಸ್", ಅಂದ್ರೆ ಇತಿಹಾಸ ತಿಳಿಯಲು ಇರುವ ಆಕರ. ಇಲ್ಲಿ ಶಾಸನ ದೊಡ್ಡದೋ ಚಿಕ್ಕದೋ ಅನ್ನುವ ಮಾತೇ ಇಲ್ಲ. ಯಾವುದೋ ಹಳ್ಳಿಯ ಗುಡಿಗೆ ನಾಲ್ಕು ಮತ್ತರು ಗದ್ದೆ ಬಿಟ್ಟ ದಾನ ಶಾಸನವೂ ಹಿಸ್ಟಾರಿಕಲ್ ಸೋರ್ಸೇ. ಆದರೆ ಅದನ್ನು ಹಿಸ್ಟಾರಿಕ್ ಅನ್ನೋಕೆ ಹೋದರೆ ಕೇಳುವವರು "ಅಂಥದ್ದೇನಿದೆ ಅದರಲ್ಲಿ?" ಅಂತ ಕೇಳುತ್ತಾರೆ.

ಹಿಸ್ಟಾರಿಕ್ ಅನ್ನುವುದು ನಿಮ್ಮ ತೀರ್ಪು. ಹಿಸ್ಟಾರಿಕಲ್ ಅನ್ನುವುದು ಬರೀ ವರ್ಗೀಕರಣ. ಮೊದಲನೆಯದನ್ನು ಯಾರಾದರೂ ಒಪ್ಪದೆ ಇರಬಹುದು, ಜಗಳಕ್ಕೂ ಬರಬಹುದು. ಎರಡನೆಯದಕ್ಕೆ ಜಗಳ ಆಡುವವರು ಕಡಿಮೆ.

ಹಂತ 2: ಕಾಲ ನೋಡಿ

ಇದು ಸುಲಭದ ಪರೀಕ್ಷೆ, ಪರೀಕ್ಷಾ ಹಾಲಿನಲ್ಲಿ ಕೂತಾಗ ಜಾಸ್ತಿ ಕೆಲಸಕ್ಕೆ ಬರುವುದೂ ಇದೇ. ಇವತ್ತು ಬೆಳಿಗ್ಗೆ ನಡೆದದ್ದು ಹಿಸ್ಟಾರಿಕ್ ಆಗಬಹುದು. ನಾಳೆ ನಡೆಯುವುದೂ ಆಗಬಹುದು. ಆದರೆ ಹಿಸ್ಟಾರಿಕಲ್ ಆಗೋಕೆ ಅದು ಹಿಂದಿನ ಕಾಲಕ್ಕೆ ಸೇರಿರಬೇಕು, ಇಲ್ಲ ಹಿಂದಿನ ಕಾಲದ ಬಗ್ಗೆ ಇರಬೇಕು.

ನಮ್ಮ ಭಾಗದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದ ನಿಜಾಮ ಶರಣಾದ ದಿನ ರಾಯಚೂರು, ಕೊಪ್ಪಳದ ಜನರಿಗೆ "ಎ ಹಿಸ್ಟಾರಿಕ್ ಡೇ". ಬಳ್ಳಾರಿಯವರ ಲೆಕ್ಕವೇ ಬೇರೆ, ಅವರು ಮದ್ರಾಸ್ ಪ್ರಾಂತ್ಯದಲ್ಲಿ ಇದ್ದವರು. ಅವರಿಗೆ ಅಂಥ ದಿನ 1953ರ ಅಕ್ಟೋಬರ್ 1, ಆಂಧ್ರ ರಾಜ್ಯ ಹುಟ್ಟಿದ ದಿನವೇ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು. ಆಮೇಲೆ ಸಂವಿಧಾನದ 98ನೇ ತಿದ್ದುಪಡಿ ಬಂತು, ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸೇರಿತು. ಅದು ಪಾಸಾದ ದಿನವೇ ಪತ್ರಿಕೆಯಲ್ಲಿ "ಹಿಸ್ಟಾರಿಕ್ ಅಮೆಂಡ್‌ಮೆಂಟ್" ಅಂತ ಬರೆದರೂ ತಪ್ಪಿಲ್ಲ. ಅವತ್ತೇ "ಹಿಸ್ಟಾರಿಕಲ್ ಅಮೆಂಡ್‌ಮೆಂಟ್" ಅಂತ ಬರೆದರೆ ಅದು ಯಾವುದೋ ಹಳೆಯ ಕಾಲದ ತಿದ್ದುಪಡಿ ಅನ್ನುವ ಹಾಗೆ ಕೇಳುತ್ತದೆ.

ಇನ್ನು 371ಜೆ ಯಾಕೆ ಬೇಕಾಯಿತು ಅಂತ ವಿವರಿಸುವಾಗ ನಿಜಾಮನ ಕಾಲದ ಶಾಲೆಗಳ ಕೊರತೆ, ಹಿಂದುಳಿಯುವಿಕೆ ಎಲ್ಲ ಹೇಳುತ್ತೀರಲ್ವಾ, ಅದು "ಹಿಸ್ಟಾರಿಕಲ್ ಬ್ಯಾಕ್‌ಗ್ರೌಂಡ್", "ಹಿಸ್ಟಾರಿಕಲ್ ರೀಸನ್ಸ್". ಇಲ್ಲಿ ಹಿಸ್ಟಾರಿಕ್ ಹಾಕಬೇಡಿ.

ಹಂತ 3: ಇದ್ದವರಾ, ಕಥೆಯವರಾ?

ಹಿಸ್ಟಾರಿಕಲ್ ಪದಕ್ಕೆ ಇನ್ನೊಂದು ಅರ್ಥ ಇದೆ, ಗೈಡ್ ಪುಸ್ತಕಗಳು ಇದನ್ನು ಬಿಟ್ಟುಬಿಡುತ್ತವೆ. "ನಿಜಕ್ಕೂ ಬದುಕಿದ್ದ, ನಿಜಕ್ಕೂ ನಡೆದ" ಅನ್ನುವುದು ಆ ಅರ್ಥ. ಪುರಾಣದ, ದಂತಕಥೆಯ ಎದುರಿಗೆ ಇಟ್ಟಾಗ ಈ ಅರ್ಥ ಬರುತ್ತದೆ.

ಗಂಗಾವತಿ ಕಡೆಯವರಿಗೆ ಇದು ದಿನನಿತ್ಯದ ಸಮಸ್ಯೆ. ಅಂಜನಾದ್ರಿ ಬೆಟ್ಟದ ಬಗ್ಗೆ ಬರೆಯುವಾಗ ಹನುಮಂತ ಹುಟ್ಟಿದ ಜಾಗ ಅನ್ನುವುದು ಭಕ್ತರ ನಂಬಿಕೆ, ಕಿಷ್ಕಿಂಧೆಯ ಕಥೆ ಅದರ ಜೊತೆ ಇದೆ. ಅದಕ್ಕೆ ಇಂಗ್ಲಿಷಿನಲ್ಲಿ "ಮಿಥಾಲಾಜಿಕಲ್" ಅಥವಾ "ಸೇಕ್ರೆಡ್" ಸರಿ ಹೊಂದುತ್ತದೆ. ಅಲ್ಲೇ ಹತ್ತಿರದ ಆನೆಗೊಂದಿಯ ಅರಸು ಮನೆತನದ ಬಗ್ಗೆ ಬರೆಯುವಾಗ "ಹಿಸ್ಟಾರಿಕಲ್". ಒಂದೇ ಬೋರ್ಡಿನಲ್ಲಿ ಎರಡನ್ನೂ ಕಲಸಿ "ಹಿಸ್ಟಾರಿಕಲ್ ಬರ್ತ್‌ಪ್ಲೇಸ್" ಅಂತ ಬರೆಸಿದರೆ ನಂಬಿಕೆಯನ್ನು ದಾಖಲೆ ಅಂತ ಹೇಳಿದ ಹಾಗಾಗುತ್ತದೆ. ನೀವು ಹೇಳಬೇಕು ಅಂದುಕೊಂಡದ್ದು ಅದೇನಾ ಅಂತ ಮೊದಲು ಯೋಚಿಸಿ.

ಕುಮಾರರಾಮನ ವಿಷಯ ಇನ್ನೂ ಸ್ವಾರಸ್ಯ. ಕಂಪಿಲಿಯ ಕಂಪಿಲರಾಯನ ಮಗ, ಕುಮ್ಮಟದುರ್ಗದ ವೀರ, ದೆಹಲಿ ಸುಲ್ತಾನರ ಸೈನ್ಯದ ವಿರುದ್ಧ 14ನೇ ಶತಮಾನದಲ್ಲಿ ಹೋರಾಡಿದವನು. ಇದು ಇತಿಹಾಸ, ಹಾಗಾಗಿ ಅವನು "ಎ ಹಿಸ್ಟಾರಿಕಲ್ ಫಿಗರ್". ಆದರೆ ಅವನ ಸುತ್ತ ಜನ ಕಟ್ಟಿ ಹಾಡಿದ ಕಥೆಗಳಲ್ಲಿ ಎಷ್ಟೋ ಭಾಗ ಐತಿಹ್ಯ, ಇಂಗ್ಲಿಷಿನಲ್ಲಿ "ಲೆಜೆಂಡರಿ". ಒಬ್ಬನೇ ಮನುಷ್ಯ, ಎರಡು ಮುಖ. "ದಿ ಹಿಸ್ಟಾರಿಕಲ್ ಕುಮಾರರಾಮ" ಅಂತ ಯಾರಾದರೂ ಬರೆದರೆ ಅದರ ಅರ್ಥ ದೊಡ್ಡ ವೀರ ಅಂತ ಅಲ್ಲ, "ಹಾಡು, ಕಥೆ ಎಲ್ಲ ತೆಗೆದು ದಾಖಲೆಯಲ್ಲಿ ಸಿಗುವಷ್ಟು ಕುಮಾರರಾಮ" ಅಂತ.

ಬಳ್ಳಾರಿ ಕೋಟೆಗೂ ಇಂಥದ್ದೇ ಒಂದು ಕಥೆ ಅಂಟಿಕೊಂಡಿದೆ. ಹೈದರಾಲಿ ಫ್ರೆಂಚ್ ಎಂಜಿನಿಯರ್ ಕೈಯಲ್ಲಿ ಕೋಟೆ ಬಲಪಡಿಸಿದನಂತೆ, ಕೆಲಸ ಮುಗಿದ ಮೇಲೆ ಎದುರಿಗಿದ್ದ ಕುಂಬಾರ ಗುಡ್ಡ ಇನ್ನೂ ಎತ್ತರ ಇದೆ ಅಂತ ಗೊತ್ತಾಗಿ ಆ ಎಂಜಿನಿಯರ್‌ನನ್ನೇ ಗಲ್ಲಿಗೆ ಹಾಕಿಸಿದನಂತೆ. ಹೈದರಾಲಿ ಕೋಟೆ ಹಿಡಿದದ್ದು "ಹಿಸ್ಟಾರಿಕಲ್ ಫ್ಯಾಕ್ಟ್". ಗಲ್ಲಿನ ಕಥೆಗೆ "ಲೋಕಲ್ ಲೆಜೆಂಡ್" ಅನ್ನುವುದು ಪ್ರಾಮಾಣಿಕ ಪದ. ಗೈಡುಗಳು ಕಥೆ ಬಿಡಬೇಕಾಗಿಲ್ಲ, ಪದ ಬದಲಾಯಿಸಿದರೆ ಸಾಕು.

ಈ ಅರ್ಥಕ್ಕೆ ಹಿಸ್ಟಾರಿಕ್ ಯಾವತ್ತೂ ಬರುವುದಿಲ್ಲ. ಒಬ್ಬ ವ್ಯಕ್ತಿ ನಿಜಕ್ಕೂ ಇದ್ದನೋ ಇಲ್ಲವೋ ಅನ್ನುವ ಚರ್ಚೆಗೆ ಇಂಗ್ಲಿಷಿನಲ್ಲಿ "ಹಿಸ್ಟಾರಿಸಿಟಿ" ಅಂತ ನಾಮಪದ ಇದೆ, ಅದು ಕೂಡ ಈ ಅರ್ಥಕ್ಕೇ ಸೇರಿದ್ದು.

ಹಂತ 4: ಗಟ್ಟಿಯಾಗಿ ಕೂತಿರುವ ಜೋಡಿಗಳನ್ನು ಹಾಗೇ ತೆಗೆದುಕೊಳ್ಳಿ

ಕೆಲವು ಜೋಡಿಗಳು ಬಳಕೆಯಲ್ಲಿ ಗಟ್ಟಿಯಾಗಿವೆ, ಅಲ್ಲಿ ಯೋಚಿಸುವುದೇನೂ ಇಲ್ಲ. ಹಿಸ್ಟಾರಿಕಲ್ ನಾವೆಲ್, ಹಿಸ್ಟಾರಿಕಲ್ ರಿಸರ್ಚ್, ಹಿಸ್ಟಾರಿಕಲ್ ಸೊಸೈಟಿ, ಹಿಸ್ಟಾರಿಕಲ್ ಲಿಂಗ್ವಿಸ್ಟಿಕ್ಸ್, ಹಿಸ್ಟಾರಿಕಲ್ ಡೇಟಾ. ದೆಹಲಿಯಲ್ಲಿ 1972ರಲ್ಲಿ ಶುರುವಾದ ಸಂಸ್ಥೆಯ ಹೆಸರು ಇಂಡಿಯನ್ ಕೌನ್ಸಿಲ್ ಆಫ್ ಹಿಸ್ಟಾರಿಕಲ್ ರಿಸರ್ಚ್, ಅದು ಇತಿಹಾಸದ ಸಂಶೋಧನೆ, ದೊಡ್ಡ ಸಂಶೋಧನೆ ಅಂತ ಅರ್ಥ ಅಲ್ಲ. ಲಂಡನ್ನಿನ ರಾಯಲ್ ಹಿಸ್ಟಾರಿಕಲ್ ಸೊಸೈಟಿಯೂ ಅಷ್ಟೇ, ಇತಿಹಾಸಕಾರರ ಸಂಘ. ಆದರೆ ಇಂಗ್ಲೆಂಡಿನಲ್ಲಿ ಹಳೆಯ ಮುಖ್ಯ ಕಟ್ಟಡಗಳನ್ನು ಪಟ್ಟಿ ಮಾಡಿ ಕಾಪಾಡುವ ಸಂಸ್ಥೆಯ ಹೆಸರು ಹಿಸ್ಟಾರಿಕ್ ಇಂಗ್ಲೆಂಡ್. ಉಳಿಸಿಕೊಳ್ಳಬೇಕಾದಷ್ಟು ಮುಖ್ಯ ಅನ್ನುವ ತೀರ್ಪು ಆ ಹೆಸರಿನಲ್ಲೇ ಇದೆ. ಈ ಮೂರು ಹೆಸರು ನೆನಪಿಟ್ಟುಕೊಂಡರೆ ಉದ್ದ ಪಟ್ಟಿಯ ಅಗತ್ಯ ಬೀಳುವುದಿಲ್ಲ.

ತುಂಗಭದ್ರಾ ಜಲಾಶಯಕ್ಕೆ ಹಿಂದಿನ ವರ್ಷಗಳಲ್ಲಿ ಯಾವ ತಿಂಗಳಲ್ಲಿ ಎಷ್ಟು ಒಳಹರಿವು ಇತ್ತು ಅನ್ನುವ ಲೆಕ್ಕ "ಹಿಸ್ಟಾರಿಕಲ್ ಡೇಟಾ". ಬಿ.ಕಾಂ. ಓದುವವರಿಗೆ "ಹಿಸ್ಟಾರಿಕಲ್ ಕಾಸ್ಟ್" ಗೊತ್ತಿರುತ್ತದೆ, ಆಸ್ತಿ ಕೊಂಡಾಗ ಕೊಟ್ಟ ಮೂಲ ಬೆಲೆ ಅದು. ಬ್ರಿಟಿಷ್ ಲೆಕ್ಕಶಾಸ್ತ್ರದ ಪುಸ್ತಕಗಳಲ್ಲಿ ಇದೇ "ಹಿಸ್ಟಾರಿಕ್ ಕಾಸ್ಟ್" ಅಂತಲೂ ಸಿಗುತ್ತದೆ, ಗಾಬರಿ ಬೇಡ. ನಿಮ್ಮ ಸಿಲಬಸ್ಸಿನಲ್ಲಿ ಯಾವುದಿದೆಯೋ ಅದನ್ನೇ ಬರೆಯಿರಿ.

ಹಂತ 5: ಕೋಟೆ, ಗುಡಿ, ಊರು

ಇಲ್ಲಿ ಗೆರೆ ಮಸುಕಾಗುತ್ತದೆ.

ಯಲಬುರ್ಗಾ ಕಡೆಯ ಇಟಗಿಯ ಮಹಾದೇವ ದೇವಾಲಯ ತೆಗೆದುಕೊಳ್ಳಿ. 1112ರಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಅಲ್ಲಿನ ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆಯುತ್ತದೆ. ಅದು "ಎ ಹಿಸ್ಟಾರಿಕ್ ಟೆಂಪಲ್". ಹಳೆಯದು ಅಷ್ಟೇ ಅಲ್ಲ, ಮುಖ್ಯವಾದದ್ದೂ ಹೌದು. "ಹಿಸ್ಟಾರಿಕಲ್ ಟೆಂಪಲ್" ಅಂತ ಬರೆದರೆ ಪೂರ್ತಿ ತಪ್ಪೇ? ಇಲ್ಲ, ಭಾರತದ ಇಂಗ್ಲಿಷಿನಲ್ಲಿ ಅದು ಎಲ್ಲ ಕಡೆ ಇದೆ, ಅರ್ಥವೂ ಆಗುತ್ತದೆ. ಆದರೆ ಕಟ್ಟಡ, ಪೇಟೆ, ಕೋಟೆಗಳ ಮುಂದೆ ಇಂಗ್ಲಿಷಿನವರ ಕಿವಿಗೆ ಹಿತವಾಗುವುದು ಹಿಸ್ಟಾರಿಕ್. ಬೋರ್ಡಿಗೆ ಅದೇ ಇರಲಿ.

ನಮ್ಮ ಕಾನೂನುಗಳೇ ಈ ವಿಷಯದಲ್ಲಿ ಒಂದೇ ಮಾತು ಆಡುವುದಿಲ್ಲ. ಸಂವಿಧಾನದ 49ನೇ ವಿಧಿಯ ಇಂಗ್ಲಿಷ್ ಪಠ್ಯದಲ್ಲಿ ಸ್ಮಾರಕಗಳ ರಕ್ಷಣೆಯ ಮಾತು ಬರುವಾಗ "ಆರ್ಟಿಸ್ಟಿಕ್ ಆರ್ ಹಿಸ್ಟಾರಿಕ್ ಇಂಟರೆಸ್ಟ್" ಅಂತ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ಅದೇ ವಿಷಯಕ್ಕೆ "ಹಿಸ್ಟಾರಿಕಲ್, ಆರ್ಕಿಯಲಾಜಿಕಲ್ ಆರ್ ಆರ್ಟಿಸ್ಟಿಕ್ ಇಂಟರೆಸ್ಟ್" ಅಂತ ಇದೆ. ಹಿಂದೆ ಇಂಗ್ಲಿಷಿನಲ್ಲಿ ಈ ಎರಡು ಪದಗಳನ್ನು ಒಂದರ ಬದಲಿಗೆ ಇನ್ನೊಂದು ಬಳಸುತ್ತಿದ್ದರು, ಈಗಿನ ವ್ಯತ್ಯಾಸ ನಿಧಾನಕ್ಕೆ ಗಟ್ಟಿಯಾದದ್ದು. ಹಾಗಾಗಿ ಹಳೆಯ ಪುಸ್ತಕದಲ್ಲಿ ಅದಲುಬದಲು ಕಂಡರೆ ಲೇಖಕರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅಂದುಕೊಳ್ಳಬೇಡಿ. ಪರೀಕ್ಷೆಯಲ್ಲಿ ಮಾತ್ರ ಈಗಿನ ವ್ಯತ್ಯಾಸವನ್ನೇ ಕೇಳುತ್ತಾರೆ.

ಹಂತ 6: ನಿಯಮ ಮುರಿಯುವ ಪದ, ಪ್ರಿಹಿಸ್ಟಾರಿಕ್

ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು. ಗಂಗಾವತಿ ಹತ್ತಿರದ ಹಿರೇಬೆಣಕಲ್‌ನಲ್ಲಿ, ಜನ ಮೋರ್ಯರ ಗುಡ್ಡ ಅನ್ನುವ ಕಡೆ, ದೊಡ್ಡ ದೊಡ್ಡ ಕಲ್ಲು ಚಪ್ಪಡಿ ನಿಲ್ಲಿಸಿ ಮನೆಯ ಹಾಗೆ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳಿವೆ, ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಅವು ಸೇರಿವೆ. ಇವೆರಡೂ "ಪ್ರಿಹಿಸ್ಟಾರಿಕ್ ಸೈಟ್". ಇಲ್ಲಿ ಹಿಸ್ಟಾರಿಕ್ ಅಂದ್ರೆ "ಮುಖ್ಯವಾದ" ಅಂತ ಅಲ್ಲವೇ ಅಲ್ಲ! "ಬರವಣಿಗೆಯ ದಾಖಲೆ ಇರುವ ಕಾಲದ" ಅಂತ. ಪ್ರಿ ಸೇರಿದರೆ ಅದಕ್ಕೂ ಮುಂಚಿನದು. "ಪ್ರಿಹಿಸ್ಟಾರಿಕಲ್" ಅಂತ ಬರೆಯುವುದು ಬಹಳ ಕಡಿಮೆ, ಬಿಟ್ಟುಬಿಡಿ.

ಪುರಾತತ್ವದವರು "ಅರ್ಲಿ ಹಿಸ್ಟಾರಿಕ್ ಪೀರಿಯಡ್" ಅನ್ನುವುದೂ ಇದೇ ಅರ್ಥದಲ್ಲಿ. 1954ರಲ್ಲಿ ಮಸ್ಕಿಯಲ್ಲಿ ಉತ್ಖನನ ಮಾಡಿದಾಗ ಕೆಳಗಿನ ಪದರಗಳಲ್ಲಿ ತಾಮ್ರ ಶಿಲಾಯುಗ, ಅದರ ಮೇಲೆ ಬೃಹತ್ ಶಿಲಾಯುಗ, ಅದರ ಮೇಲೆ ಅರ್ಲಿ ಹಿಸ್ಟಾರಿಕ್ ಪದರ ಸಿಕ್ಕಿತು. ಇತಿಹಾಸ ಐಚ್ಛಿಕ ತೆಗೆದುಕೊಂಡವರಿಗೆ ಈ ಪದ ಮತ್ತೆ ಮತ್ತೆ ಎದುರಾಗುತ್ತದೆ, ಅಲ್ಲಿ ಹಂತ 1ರ ಪರೀಕ್ಷೆ ಹಾಕಬೇಡಿ, ನಡೆಯುವುದಿಲ್ಲ.

ಬ್ರಿಟನ್ನಿನ ಪತ್ರಿಕೆಗಳಲ್ಲಿ ಹತ್ತಾರು ವರ್ಷ ಹಿಂದಿನ ಅಪರಾಧಗಳಿಗೂ "ಹಿಸ್ಟಾರಿಕ್" ಅಂತ ಬರೆಯುವ ಅಭ್ಯಾಸ ಇದೆ. ಅಲ್ಲಿಯವರಿಗೇ ಅದು ಅಷ್ಟು ಇಷ್ಟವಿಲ್ಲ, ನೀವು ಅನುಸರಿಸಬೇಕಾಗಿಲ್ಲ.

ಹಂತ 7: ಚಿಲ್ಲರೆ ವಿಷಯಗಳು

ಮುಂದೆ "ಎ" ಬರಬೇಕಾ, "ಆ್ಯನ್" ಬರಬೇಕಾ? ಹ ಉಚ್ಚಾರ ಮಾಡುತ್ತೀರಲ್ವಾ, ಹಾಗಾದರೆ ಎ. "ಆ್ಯನ್ ಹಿಸ್ಟಾರಿಕ್" ಹಳೆಯ ಶೈಲಿ, ಭಾಷಣಗಳಲ್ಲಿ ಈಗಲೂ ಕೇಳಿಸುತ್ತದೆ, ಪರೀಕ್ಷೆಯಲ್ಲಿ ಬೇಡ. ಎರಡೂ ಪದದಲ್ಲಿ ಒತ್ತು ಬೀಳುವುದು "ಟಾ" ಮೇಲೆ.

ಕ್ರಿಯಾವಿಶೇಷಣ ಮಾಡುವಾಗ ಆಯ್ಕೆಯೇ ಇಲ್ಲ: "ಹಿಸ್ಟಾರಿಕಲಿ" ಒಂದೇ.

ಇದೇ ಥರ ಕಾಡುವ ಇನ್ನೆರಡು ಜೋಡಿ ಹೇಳಿ ಮುಂದೆ ಹೋಗುತ್ತೇನೆ. ಎಕನಾಮಿಕ್ ಅಂದ್ರೆ ಅರ್ಥವ್ಯವಸ್ಥೆಗೆ ಸಂಬಂಧಿಸಿದ್ದು, ಎಕನಾಮಿಕಲ್ ಅಂದ್ರೆ ಕಡಿಮೆ ಖರ್ಚಿನದು. ಸಿಂಧನೂರಿನ ಭತ್ತದ ರೇಟು ಎಕನಾಮಿಕ್ ವಿಷಯ, ಜಾಸ್ತಿ ಮೈಲೇಜ್ ಕೊಡುವ ಬೈಕು ಎಕನಾಮಿಕಲ್. ಕ್ಲಾಸಿಕ್ ಅಂದ್ರೆ ಆ ಬಗೆಯಲ್ಲೇ ಮಾದರಿಯಾದದ್ದು, ಕ್ಲಾಸಿಕಲ್ ಅಂದ್ರೆ ಶಾಸ್ತ್ರೀಯ. 2008ರಲ್ಲಿ ಕನ್ನಡಕ್ಕೆ ಸಿಕ್ಕ ಸ್ಥಾನ ಕ್ಲಾಸಿಕಲ್ ಲ್ಯಾಂಗ್ವೇಜ್, ಕ್ಲಾಸಿಕ್ ಅಲ್ಲ. "ಕಲ್" ಸೇರಿದಾಗ ಅರ್ಥ ಒಂದೇ ದಿಕ್ಕಿಗೆ ತಿರುಗುವುದಿಲ್ಲ, ಒಂದೊಂದು ಜೋಡಿಗೂ ಒಂದೊಂದು ದಾರಿ, ಆದ್ದರಿಂದ ಹಿಸ್ಟಾರಿಕಲ್‌ನ ನಿಯಮವನ್ನು ಇವಕ್ಕೆ ಹಚ್ಚೋಕೆ ಹೋಗಬೇಡಿ.

ಹಂತ 8: ಹಿಸ್ಟಾರಿಕ್ ಪದವನ್ನು ಕಡಿಮೆ ಖರ್ಚು ಮಾಡಿ

ಇದು ವ್ಯಾಕರಣ ಅಲ್ಲ, ನನ್ನ ಅಭಿಪ್ರಾಯ. ಬಸ್ ಸ್ಟ್ಯಾಂಡ್ ಉದ್ಘಾಟನೆ ಹಿಸ್ಟಾರಿಕ್, ಸನ್ಮಾನ ಹಿಸ್ಟಾರಿಕ್, ಕ್ರಿಕೆಟ್ ಟೂರ್ನಿಯ ಸೆಮಿಫೈನಲ್ ಹಿಸ್ಟಾರಿಕ್! ಬಳ್ಳಾರಿ ಲೋಕಸಭೆಗೆ 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ನಡುವೆ ನಡೆದ ಚುನಾವಣೆಗೆ ಆ ಪದ ಒಪ್ಪುತ್ತದೆ, ಅಲ್ಲಿಂದಾಚೆಗೆ ದೇಶ ಅದನ್ನು ಮರೆತಿಲ್ಲ. ಪ್ರತಿ ಚುನಾವಣೆಗೂ ಅದನ್ನೇ ಹಾಕಿದರೆ ಪದ ಸವೆಯುತ್ತದೆ.

ಬದಲಿಗೆ ಏನು ಬಳಸಬೇಕು? ಹಿಂದೆಂದೂ ಆಗದಿದ್ದರೆ "ಅನ್‌ಪ್ರಿಸಿಡೆಂಟೆಡ್". 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತಲ್ಲ, ಅದಕ್ಕೆ ಈ ಪದ ಸರಿ. ಮರೆಯಲಾಗದ್ದು ಅಂತಷ್ಟೇ ಹೇಳಬೇಕಾದರೆ "ಮೆಮರಬಲ್". ದೊಡ್ಡ ಸಂಖ್ಯೆ ಮುಟ್ಟಿದರೆ "ರೆಕಾರ್ಡ್". ಹಳೆಯದು ಅಂತಷ್ಟೇ ಇದ್ದರೆ "ಓಲ್ಡ್", ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ?

ಹಂತ 9: ಈಗ ನೀವು ಮಾಡಿ ನೋಡಿ

ಕೆಳಗಿನ ವಾಕ್ಯಗಳನ್ನು ಇಂಗ್ಲಿಷಿಗೆ ತಂದರೆ ಯಾವ ಪದ ಬರುತ್ತದೆ? ಉತ್ತರ ಓದುವ ಮೊದಲು ಒಂದು ನಿಮಿಷ ನಿಂತು ಯೋಚಿಸಿ.

1520ರಲ್ಲಿ ರಾಯಚೂರಿನಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನ ಮೇಲೆ ಐತಿಹಾಸಿಕ ಗೆಲುವು ಪಡೆದ. ಉತ್ತರ ಹಿಸ್ಟಾರಿಕ್. ರಾಯಚೂರು ದೋಆಬಿನ ಹಿಡಿತ ಯಾರದು ಅನ್ನುವುದೇ ಅದರಿಂದ ಬದಲಾಯಿತು.

ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟದ್ದು ಆ ಯುದ್ಧದ ಬಗ್ಗೆ ಮುಖ್ಯವಾದ ಐತಿಹಾಸಿಕ ದಾಖಲೆ. ಉತ್ತರ ಹಿಸ್ಟಾರಿಕಲ್. "ಮುಖ್ಯವಾದ" ಅನ್ನುವುದು ವಾಕ್ಯದಲ್ಲಿ ಬೇರೆಯಾಗಿಯೇ ಬಂದಿದೆ ನೋಡಿ, ಅದನ್ನು "ಇಂಪಾರ್ಟೆಂಟ್" ಹೊತ್ತುಕೊಳ್ಳುತ್ತದೆ, ಉಳಿದದ್ದು ಇತಿಹಾಸದ ದಾಖಲೆ ಅಷ್ಟೇ.

ಮುದಗಲ್ ಐತಿಹಾಸಿಕ ಕೋಟೆ ಇರುವ ಊರು. ಹಿಸ್ಟಾರಿಕ್ ಮೊದಲ ಆಯ್ಕೆ. ಹಿಸ್ಟಾರಿಕಲ್ ಬರೆದವರಿಗೂ ನಾನಾದರೆ ಅರ್ಧ ಮಾರ್ಕು ಕೊಡುತ್ತೇನೆ, ಕೀ ಆನ್ಸರ್ ಮಾಡುವವರು ಕೊಡುವುದಿಲ್ಲ.

ಸಿನಿಮಾದವರು ಐತಿಹಾಸಿಕ ವೇಷಭೂಷಣ ಹೊಲಿಸಿದರು. ಹಿಸ್ಟಾರಿಕಲ್, ಆ ಕಾಲದ ಬಟ್ಟೆಯ ಹಾಗೆ ಇರುವಂಥದ್ದು. ಮೊನ್ನೆ ಹೊಲಿದ ಹೊಸ ಬಟ್ಟೆಗೂ ಈ ಪದ ಬರುತ್ತದೆ, ಯಾಕಂದ್ರೆ ಅದು ಹಿಂದಿನ ಕಾಲದ "ಬಗ್ಗೆ" ಇದೆ.

ಕಡೆಯದು ಸ್ವಲ್ಪ ತಲೆ ತಿನ್ನುತ್ತದೆ. ರಾಯಚೂರು ಕೋಟೆಯ ಗೋಡೆಯಲ್ಲಿ ಒಂದು ಬಹಳ ಉದ್ದದ ಕಲ್ಲು ಇದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ ವಿವರ ಅದರ ಮೇಲಿದೆ, ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ದೃಶ್ಯವನ್ನೂ ಅಲ್ಲೇ ಗೋಡೆಯ ಮೇಲೆ ಕೆತ್ತಿದ್ದಾರೆ. "ಈ ಶಾಸನಕ್ಕೆ ಐತಿಹಾಸಿಕ ಮೌಲ್ಯ ಇದೆ" ಅಂತ ಬರೆಯಬೇಕು. ಮುಖ್ಯ ಅಂತ ಹೇಳುತ್ತಿದ್ದೇವೆ, ಹಾಗಾದರೆ ಹಿಸ್ಟಾರಿಕ್ ಅನ್ನಿಸುತ್ತದೆ, ಅಲ್ವಾ? ಇಲ್ಲ. ಮುಖ್ಯ ಅನ್ನುವ ಭಾರವನ್ನು "ವ್ಯಾಲ್ಯೂ" ಹೊತ್ತಿದೆ. ಯಾವ ಥರದ ಮೌಲ್ಯ? ಹಣದ್ದಲ್ಲ, ಕಲೆಯದ್ದಲ್ಲ, ಇತಿಹಾಸದ್ದು. ಹಾಗಾಗಿ "ಹಿಸ್ಟಾರಿಕಲ್ ವ್ಯಾಲ್ಯೂ". "ಇಂಪಾರ್ಟೆನ್ಸ್", "ಸಿಗ್ನಿಫಿಕೆನ್ಸ್" ಮುಂದೆಯೂ ಹಿಸ್ಟಾರಿಕಲ್ಲೇ ಬರುತ್ತದೆ.